ಅಜ್ಜನ ಕ್ಯಾಸೆಟ್ ಲ್ಯಾಪ್‌ಟಾಪಿಗೆ ಬಂತು, ಅಪ್ಪನ ಪ್ಲೇಯರ್‌ನಲ್ಲಿ ಮಾತ್ರ ಹಾಡುತ್ತಿಲ್ಲ

ಸುಂಟಿಕೊಪ್ಪದವಳು:
ಎಲ್ಲರಿಗೂ ನಮಸ್ಕಾರ. ಅಟ್ಟ ಗುಡಿಸುವಾಗ ಒಂದು ಬಿಸ್ಕತ್ ಡಬ್ಬದ ತುಂಬ ಹಳೇ ಕ್ಯಾಸೆಟ್ ಸಿಕ್ಕವು. ಅಂಗಡಿಯಲ್ಲಿ ಕೊಂಡದ್ದಲ್ಲ, ಮನೆಯಲ್ಲೇ ರೆಕಾರ್ಡ್ ಮಾಡಿದ್ದು. ಪುತ್ತರಿ ಸುಗ್ಗಿ ಹಬ್ಬಕ್ಕೆ ಅಜ್ಜ ಮತ್ತು ಅವರ ಜೊತೆಯವರು ದುಡಿ ಅನ್ನುವ ಚರ್ಮವಾದ್ಯ ಹಿಡಿದು ಹಾಡಿದ ಕೊಡವ ಜನಪದ ಹಾಡು ಬಾಳೋಪಾಟ್ ಇದೆ, ಚಿಕ್ಕಮ್ಮನ ಮದುವೆ ಇದೆ, ಅಜ್ಜಿ ಯಾರಿಗೋ ಬೈಯುತ್ತಿರುವುದೂ ಇದೆ. ರೇಡಿಯೋ, ಕ್ಯಾಸೆಟ್ ಎರಡೂ ಇರುವ ಟೂ ಇನ್ ಒನ್‌ನ ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಹಾಕಿ ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಹಿಡಿದೆ. ಲ್ಯಾಪ್‌ಟಾಪಿನಲ್ಲಿ ಕೇಳುತ್ತದೆ.

ಅದನ್ನು ಸೇವ್ ಮಾಡಿ ಅಪ್ಪನ ಎಂಪಿ3 ಪ್ಲೇಯರ್‌ನ ಮೆಮೊರಿ ಕಾರ್ಡ್‌ಗೆ ಹಾಕಿದರೆ ಏನೂ ಕಾಣಿಸುವುದಿಲ್ಲ. ಒಂದು ಸೈಡಿನ ಫೈಲ್ 600 ಎಂಬಿಗಿಂತ ಜಾಸ್ತಿ ಇದೆ. ಹೆಸರಿನ ಕೊನೆಯಲ್ಲಿ ಎಂಪಿ3 ಅಂತ ಬರೆದೂ ನೋಡಿದೆ, 'ಫಾರ್ಮ್ಯಾಟ್ ಎರರ್' ಅನ್ನುತ್ತದೆ. ಸ್ಮಾರ್ಟ್‌ಫೋನ್ ಕೊಡಿಸಿ ಅನ್ನಬೇಡಿ. ಅಪ್ಪನಿಗೆ ಬಟನ್ ಇರುವ ಪ್ಲೇಯರೇ ಬೇಕು.

ನಾಪೋಕ್ಲು ನೆಟ್‌ವರ್ಕ್:
ಸೇವ್ ಆಗಿದೆ, ಎಕ್ಸ್‌ಪೋರ್ಟ್ ಆಗಿಲ್ಲ. ಅಷ್ಟೇ ಕಥೆ.

ಸುಂಟಿಕೊಪ್ಪದವಳು:
ಎರಡೂ ಒಂದೇ ಅಲ್ವಾ?

ಬೆಂಗಳೂರಲ್ಲಿರೋ ಕೊಡಗಿನವ:
ಅಲ್ಲ ಅಕ್ಕ. ಸೇವ್ ಕೊಟ್ಟರೆ ಆಡಾಸಿಟಿ ತನಗೆ ಬೇಕಾದ ಪ್ರಾಜೆಕ್ಟ್ ಫೈಲ್ ಬರೆದುಕೊಳ್ಳುತ್ತದೆ. ಹೆಸರಿನ ಬಾಲದಲ್ಲಿ ಎಯುಪಿ3 ಅಂತ ಇರುತ್ತದೆ ನೋಡಿ. ಟ್ರ್ಯಾಕ್, ಲೇಬಲ್ ಎಲ್ಲ ಅದರೊಳಗೆ ಇರುತ್ತವೆ. ಧ್ವನಿಯನ್ನು 32 ಬಿಟ್‌ನಲ್ಲಿ ಇಡುತ್ತದೆ, ಅದಕ್ಕೇ ಅರ್ಧ ಗಂಟೆಗೆ 600 ಎಂಬಿ ದಾಟಿದ್ದು. ಯಾವ ಪ್ಲೇಯರೂ ಅದನ್ನು ಓದುವುದಿಲ್ಲ. ಹೆಸರು ಬದಲಿಸಿದರೆ ಒಳಗಿರುವುದು ಬದಲಾಗುತ್ತದಾ?

ಫೈಲ್ ಮೆನುವಿಗೆ ಹೋಗಿ, ಎಕ್ಸ್‌ಪೋರ್ಟ್ ಆಡಿಯೋ ಒತ್ತಿ, ಎಂಪಿ3 ಆರಿಸಿ. ಕಾನ್‌ಸ್ಟಂಟ್, 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಡೇಟಾ ಅನ್ನುವ ಲೆಕ್ಕ), 44100 ಹರ್ಟ್ಸ್. ಅದೇ ಅರ್ಧ ಗಂಟೆ 30 ಎಂಬಿ ಒಳಗೆ ಬರುತ್ತದೆ. ಹಿಂದೆ ಎಂಪಿ3 ಮಾಡಲು ಲೇಮ್ ಅನ್ನುವ ಫೈಲನ್ನು ಬೇರೆ ಹುಡುಕಿ ತಂದು ಜೋಡಿಸಬೇಕಿತ್ತು. ಎಂಪಿ3 ಪೇಟೆಂಟ್‌ಗಳು 2017ರಲ್ಲಿ ಮುಗಿದವು. ಈಗಿನ ಆಡಾಸಿಟಿಯಲ್ಲಿ ಅದು ಒಳಗೇ ಬರುತ್ತದೆ.

ಫ್ಲ್ಯಾಕ್ ಭಕ್ತ:
128? ಅಜ್ಜನ ಧ್ವನಿಗೂ ಇಷ್ಟು ಜಿಪುಣತನವಾ? ಕನಿಷ್ಠ 320 ಕೊಡಿ. ನನ್ನನ್ನು ಕೇಳಿದರೆ ಎಂಪಿ3ಯೇ ಬೇಡ. ಫ್ಲ್ಯಾಕ್ ಮಾಡಿ. ಒಂದು ಚೂರೂ ಕಳೆಯುವುದಿಲ್ಲ, ಕುಗ್ಗಿಸದ ವೇವ್ ಫೈಲಿನ ಹೆಚ್ಚುಕಮ್ಮಿ ಅರ್ಧ ಜಾಗ ಸಾಕು.

ನಾಪೋಕ್ಲು ನೆಟ್‌ವರ್ಕ್:
ಆ ಪ್ಲೇಯರ್ ಫ್ಲ್ಯಾಕ್ ಓದುತ್ತದಾ ಅಂತ ಮೊದಲು ಕೇಳಿ ಸ್ವಾಮಿ.

ಫ್ಲ್ಯಾಕ್ ಭಕ್ತ:
ಓದದಿದ್ದರೆ ಓದುವ ಪ್ಲೇಯರ್ ಕೊಳ್ಳಲಿ.

ವಿರಾಜಪೇಟೆ ಸೋಲ್ಡರಿಂಗ್:
ರೇಡಿಯೋ, ಟೇಪ್ ರಿಪೇರಿ ಮಾಡಿಯೇ ಮಕ್ಕಳನ್ನು ಓದಿಸಿದವನು ನಾನು. ಎರಡು ಮಾತು ಹೇಳುತ್ತೇನೆ.

ಕ್ಯಾಸೆಟ್ ಟೇಪಿನ ಅಗಲ 4 ಮಿಲಿಮೀಟರ್ ಕೂಡ ಇಲ್ಲ. ಅದು ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್. ಟೂ ಇನ್ ಒನ್‌ನ ಬಟಾಣಿ ಗಾತ್ರದ ಮೈಕಿನಲ್ಲಿ ಸಾಧಾರಣ ಟೇಪಿಗೆ ಹಿಡಿದ ಧ್ವನಿಯಲ್ಲಿ 10, 12 ಕಿಲೋಹರ್ಟ್ಸ್ ಮೇಲೆ ಇರುವುದು ಬರೀ ಹಿಸ್, ಅಂದರೆ ಟೇಪಿನ ಸುಸ್ ಅನ್ನುವ ಸದ್ದು. 320 ಕೊಟ್ಟು ಆ ಹಿಸ್ಸನ್ನು ಅಷ್ಟು ನಿಷ್ಠೆಯಿಂದ ಉಳಿಸಿಕೊಂಡು ಏನು ಮಾಡುತ್ತೀರಿ? ಕೇಳುವುದಕ್ಕೆ 128 ಧಾರಾಳ ಸಾಕು. ಮೋನೋ ಮಾಡಿದರೆ 64ರಲ್ಲೂ ಮಾತು, ಹಾಡು ಸ್ಪಷ್ಟ ಇರುತ್ತದೆ.

ಆದರೆ ಭಕ್ತರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಎಂಪಿ3 ಒಂದನ್ನೇ ಇಟ್ಟುಕೊಂಡು ಕ್ಯಾಸೆಟ್ ಎಸೆಯಬೇಡಿ. ಮೊದಲು ವೇವ್ ಅಥವಾ ಫ್ಲ್ಯಾಕ್ ಎಕ್ಸ್‌ಪೋರ್ಟ್ ಮಾಡಿ. ಅದು ಮೂಲಪ್ರತಿ, ಅದಕ್ಕೆ ಕೈ ಹಚ್ಚಬಾರದು. 16 ಬಿಟ್ ಸ್ಟೀರಿಯೋ ವೇವ್ ಗಂಟೆಗೆ 635 ಎಂಬಿ ಆಗುತ್ತದೆ, ಈಗಿನ ಹಾರ್ಡ್ ಡಿಸ್ಕ್‌ಗೆ ಅದು ಲೆಕ್ಕಕ್ಕೇ ಇಲ್ಲ. ಪ್ಲೇಯರ್‌ಗೆ, ಕಾರಿಗೆ, ನೆಂಟರಿಗೆ ಅದರಿಂದ ಎಷ್ಟು ಬೇಕಾದರೂ ಎಂಪಿ3 ಮಾಡಿಕೊಳ್ಳಿ. ಎಂಪಿ3ಯಿಂದ ಮತ್ತೆ ಎಂಪಿ3 ಮಾಡಬೇಡಿ. ಪ್ರತಿ ಸಲ ಸ್ವಲ್ಪ ಸವೆಯುತ್ತದೆ.

ಇನ್ನೊಂದು ವಿಷಯ. ವೈರನ್ನು ಲ್ಯಾಪ್‌ಟಾಪಿನ ಯಾವ ತೂತಿಗೆ ಹಾಕಿದ್ದೀರಿ?

ಸುಂಟಿಕೊಪ್ಪದವಳು:
ಇರುವುದೇ ಒಂದು ತೂತು ಅಂಕಲ್. ಹೆಡ್‌ಸೆಟ್ ಚಿತ್ರ ಇರುವುದು. ಜೋರಾಗಿ ಹಾಡುವ ಕಡೆ ಸ್ವಲ್ಪ ಕರಕರ ಅನ್ನುತ್ತದೆ. ಟೇಪು ಹಳೆಯದಾಗಿ ಹಾಗಾಗಿದೆ ಅಂದುಕೊಂಡೆ.

ವಿರಾಜಪೇಟೆ ಸೋಲ್ಡರಿಂಗ್:
ಟೇಪಿನ ದೋಷ ಅಲ್ಲಮ್ಮ. ಒಳಕ್ಕೆ ತೆಗೆದುಕೊಳ್ಳುವಾಗ ಅದು ಮೈಕ್ ತೂತು. ಮೈಕಿನಿಂದ ಬರುವ ಸಿಗ್ನಲ್ ತುಂಬ ಸಣ್ಣದು, ಹೆಡ್‌ಫೋನ್‌ನಿಂದ ಬರುವುದು ಅದಕ್ಕಿಂತ ಬಹಳ ದೊಡ್ಡದು. ಅಲ್ಲಿ ಧ್ವನಿಯ ಅಲೆಗಳ ತಲೆ ಕತ್ತರಿಸಿಹೋಗುತ್ತದೆ. ಒಮ್ಮೆ ಹಾಗೆ ಹಿಡಿದದ್ದನ್ನು ಆಮೇಲೆ ಸರಿ ಮಾಡಲು ಆಗುವುದಿಲ್ಲ. ಟೂ ಇನ್ ಒನ್‌ನ ವಾಲ್ಯೂಮ್ ತೀರಾ ಇಳಿಸಿ ಹಿಡಿದರೆ ಹೇಗೋ ನಡೆಯುತ್ತದೆ. ಸರಿಯಾದ ದಾರಿ ಅಂದರೆ ಇಂಥ ದೊಡ್ಡ ಸಿಗ್ನಲ್ ತೆಗೆದುಕೊಳ್ಳುವ ಲೈನ್ ಇನ್ ತೂತು ಇರುವ ಯುಎಸ್‌ಬಿ ಸೌಂಡ್ ಕಾರ್ಡ್. ಬರೀ ಮೈಕ್ ಇನ್ ಇರುವ ಅಗ್ಗದ್ದು ತಂದು ಆಮೇಲೆ ನನ್ನನ್ನು ಬೈಯಬೇಡಿ. ಆಡಾಸಿಟಿಯ ಮೀಟರ್ ಅತಿ ಜೋರಾದ ಕಡೆಯೂ ಮೈನಸ್ 6 ಡೆಸಿಬೆಲ್ ದಾಟಬಾರದು.

ಹಿಡಿಯುವಾಗ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಬಿಡಿ. ಗುಂಯ್ ಅನ್ನುವ ಸದ್ದು ಅರ್ಧಕ್ಕರ್ಧ ಅದರಿಂದಲೇ ಬರುತ್ತದೆ.

ಮಳೆಗಾಲದ ಕತ್ತಲು:
ಚಾರ್ಜರ್ ಕೀಳುವ ಕಷ್ಟ ನಮಗಿಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟೇ ಕಿತ್ತುಕೊಂಡಿರುತ್ತದೆ 😀

ಸೋಮವಾರಪೇಟೆ ಮೇಷ್ಟ್ರು:
ಟೇಪಿಗೆ ತಾಗಿ ಧ್ವನಿ ಓದುವ ಹೆಡ್ ತೊಳೆಯುವುದನ್ನು ಯಾರೂ ಹೇಳಲಿಲ್ಲವಲ್ಲ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಟೂ ಇನ್ ಒನ್‌ಗೆ ಸೀದಾ ಅಪರೂಪದ ಕ್ಯಾಸೆಟ್ ತುರುಕುವುದು ಧೈರ್ಯದ ಕೆಲಸ. ಮೊದಲು ಹೋದರೂ ಪರವಾಗಿಲ್ಲ ಅನ್ನುವ ಒಂದು ಕ್ಯಾಸೆಟ್ ಹಾಕಿ ಓಡಿಸಿ ನೋಡಿ. ಸುತ್ತಿಕೊಂಡರೆ ಅದು ಸುತ್ತಿಕೊಳ್ಳಲಿ. ಅಪರೂಪದ ಕ್ಯಾಸೆಟ್‌ನ ಹಿಂದಿನ ಅಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಕಿವಿ ಮುರಿದುಬಿಡಿ, ಆಗ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸಿಹೋಗುವುದಿಲ್ಲ.

ಹೆಡ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ, ಅಂಟಾಗುತ್ತದೆ.

ನಾಪೋಕ್ಲು ನೆಟ್‌ವರ್ಕ್:
ಕೊಡಗಿನಲ್ಲಿ ಆಲ್ಕೋಹಾಲ್‌ಗೆ ಬರವಾ ಮೇಷ್ಟ್ರೇ?

ಸೋಮವಾರಪೇಟೆ ಮೇಷ್ಟ್ರು:
ಮನೆಯಲ್ಲಿ ಮಾಡಿದ ದ್ರಾಕ್ಷಿ ವೈನ್ ಹಾಕಿ ಒರೆಸಿ, ಹೆಡ್‌ಗೆ ಇರುವೆ ಬರುತ್ತದೆ.

ಸುಂಟಿಕೊಪ್ಪದವಳು:
ಎಂಪಿ3 ಮಾಡಿ ಹಾಕಿದೆ, ಹಾಡಿತು! ಎಲ್ಲರಿಗೂ ಥ್ಯಾಂಕ್ಸ್. ಕರಕರ ಇರುವ ಸೈಡನ್ನು ಮತ್ತೆ ಹಿಡಿಯುತ್ತೇನೆ. ಈಗ ಬೇರೆ ತಂಟೆ. ಸೈಡನ್ನು ಹಾಡು ಹಾಡಾಗಿ ಕತ್ತರಿಸಿ ಕನ್ನಡದಲ್ಲಿ ಹೆಸರು ಕೊಟ್ಟೆ. ಪ್ಲೇಯರ್‌ನಲ್ಲಿ ಬರೀ ಚೌಕ ಚೌಕ ಕಾಣುತ್ತದೆ. ಹಾಡುಗಳ ಕ್ರಮವೂ ತಲೆಕೆಳಗು. ಮದುವೆ ಊಟ ಮೊದಲು, ಧಾರೆ ಆಮೇಲೆ.

ಕುಶಾಲನಗರದ ಅಕ್ಕ:
ಊಟ ಮೊದಲು ಆದರೆ ಯಾರಿಗೂ ಬೇಜಾರಿಲ್ಲ ಬಿಡಿ.

ಬೆಂಗಳೂರಲ್ಲಿರೋ ಕೊಡಗಿನವ:
ಚೌಕ ಬರುವುದು ಆ ಪ್ಲೇಯರ್‌ನಲ್ಲಿ ಕನ್ನಡ ಫಾಂಟ್ ಇಲ್ಲದ್ದರಿಂದ. ಪ್ಲೇಯರ್‌ಗೆ ಹಾಕುವ ಪ್ರತಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಡಿ. ಮೂಲಪ್ರತಿಯಲ್ಲಿ ಕನ್ನಡವೇ ಇರಲಿ. ಫೈಲ್ ಹೆಸರು ಬದಲಿಸಿದ ಮೇಲೂ ಚೌಕ ಬಂದರೆ ಟ್ಯಾಗ್ ನೋಡಿ. ಎಕ್ಸ್‌ಪೋರ್ಟ್ ಮಾಡುವಾಗ ಹಾಡಿನ ಹೆಸರು, ಹಾಡಿದವರು ಅಂತ ತುಂಬಿರುತ್ತೀರಲ್ಲ, ಕೆಲವು ಪ್ಲೇಯರ್ ಅದನ್ನೇ ತೋರಿಸುತ್ತವೆ.

ಕ್ರಮದ ವಿಷಯ ಬೇರೆ. ಹತ್ತಕ್ಕಿಂತ ಜಾಸ್ತಿ ಹಾಡಿದ್ದರೆ 1, 2 ಅಂತ ಹಾಕಬೇಡಿ. 01, 02 ಅಂತ ಹಾಕಿ. ಇಲ್ಲದಿದ್ದರೆ 1 ಆದ ಮೇಲೆ 10 ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ನಿಮ್ಮ ಪ್ಲೇಯರ್ ಹೆಸರನ್ನೇ ನೋಡುವುದಿಲ್ಲ ಅಂತ ಅರ್ಥ. ಅಗ್ಗದ ಪ್ಲೇಯರ್, ಕೆಲವು ಕಾರ್ ಸ್ಟೀರಿಯೋ ಕಾರ್ಡಿಗೆ ಯಾವ ಫೈಲ್ ಮೊದಲು ಬಿತ್ತೋ ಅದನ್ನೇ ಮೊದಲು ಹಾಡುತ್ತವೆ. ಕಾರ್ಡ್ ಖಾಲಿ ಮಾಡಿ ಫ್ಯಾಟ್32 ಅನ್ನುವ ಹಳೇ ಫೈಲ್ ವ್ಯವಸ್ಥೆಗೆ ಫಾರ್ಮ್ಯಾಟ್ ಮಾಡಿ, ಒಂದೊಂದಾಗಿ ಕ್ರಮದಲ್ಲೇ ಕಾಪಿ ಮಾಡಿ. ಬೇಸರದ ಕೆಲಸ, ಆದರೆ ಕೆಲಸ ಮಾಡುತ್ತದೆ.

ಕಾರ್ಡ್ ಎಷ್ಟು ಜಿಬಿ? 64 ಜಿಬಿಯದ್ದಾದರೆ ಅದು ಎಕ್ಸ್‌ಫ್ಯಾಟ್‌ನಲ್ಲಿ ಬಂದಿರುತ್ತದೆ, ಹಳೇ ಪ್ಲೇಯರ್‌ಗಳಿಗೆ ಅದು ಗೊತ್ತಾಗುವುದಿಲ್ಲ. 32ರ ಒಳಗಿನದ್ದು ಹಾಕಿ.

ಫ್ಲ್ಯಾಕ್ ಭಕ್ತ:
ಕತ್ತರಿಸುವ ಕೆಲಸ ಕೈಯಲ್ಲೇ ಮಾಡಿದಿರಾ? ಹಾಡಿನ ಆರಂಭಕ್ಕೆ ಒಂದೊಂದು ಲೇಬಲ್ ಹಾಕಿ ಎಕ್ಸ್‌ಪೋರ್ಟ್ ಆಡಿಯೋದಲ್ಲೇ ಮಲ್ಟಿಪಲ್ ಫೈಲ್ಸ್ ಆರಿಸಿದರೆ ಎಲ್ಲ ಒಂದೇ ಏಟಿಗೆ ಬೇರೆ ಬೇರೆ ಫೈಲಾಗಿ ಬರುತ್ತವೆ. ಲೇಬಲ್ ಹೆಸರೇ ಫೈಲ್ ಹೆಸರು. ಜೊತೆಗೆ ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್ ಹಾಕಿ. ಯಾರೂ ಹಾಡದೇ ಇರುವ ಎರಡು ಸೆಕೆಂಡ್ ಆರಿಸಿ ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ, ಆಮೇಲೆ ಇಡೀ ಟ್ರ್ಯಾಕಿಗೆ ಕೊಡಿ. ಹಿಸ್ ಮಾಯ.

ಸಂಪಾಜೆ ಘಾಟಿ:
ದಯವಿಟ್ಟು ಇದೊಂದು ಮಾಡಬೇಡಿ. ನಮ್ಮ ಮನೆಯ ಅರೆಭಾಷೆ ಸೋಬಾನೆ ಕ್ಯಾಸೆಟ್‌ಗಳನ್ನು ಮೈಸೂರಿನ ಒಂದು ಅಂಗಡಿಗೆ ಕೊಟ್ಟಿದ್ದೆವು. ಅವರು ಹಿಸ್ ತೆಗೆಯುತ್ತೇವೆ ಅಂತ ಎಷ್ಟು ಒರೆಸಿದ್ದಾರೆ ಅಂದರೆ ಅತ್ತೆಯಂದಿರು ಪ್ಲಾಸ್ಟಿಕ್ ಬಕೆಟ್‌ನೊಳಗೆ ಕೂತು ಹಾಡಿದ ಹಾಗೆ ಇದೆ. ಮೂಲ ಕಾಪಿ ಕೇಳಿದರೆ ಇಟ್ಟುಕೊಂಡಿಲ್ಲ ಅಂದರು. ಕ್ಯಾಸೆಟ್ ಇನ್ನೊಮ್ಮೆ ಹಾಕಿದರೆ ತುಂಡಾಯಿತು.

ಫ್ಲ್ಯಾಕ್ ಭಕ್ತ:
ಅದು ಅಂಗಡಿಯವರ ಕೈಗುಣ, ಉಪಕರಣದ ತಪ್ಪಲ್ಲ. 6 ಡೆಸಿಬೆಲ್ ಕೊಟ್ಟರೆ ಯಾವ ಬಕೆಟ್ಟೂ ಕೇಳುವುದಿಲ್ಲ. 20, 25 ಕೊಟ್ಟರೆ ಕೇಳುತ್ತದೆ.

ಸೋಮವಾರಪೇಟೆ ಮೇಷ್ಟ್ರು:
ಬಾಳೋಪಾಟ್ ಆದರೆ 6 ಕೂಡ ಯೋಚಿಸಿ ಕೊಡಿ. ದುಡಿಯ ಏಟು ಮುಗಿದ ಮೇಲೆ ಒಂದು ಸಣ್ಣ ಅನುರಣನ ಇರುತ್ತದೆ. ನಾಯ್ಸ್ ರಿಡಕ್ಷನ್ ಮೊದಲು ತಿನ್ನುವುದು ಅದನ್ನೇ. ಪದಗಳ ಬಗ್ಗೆ ಅಷ್ಟು ಹೆದರಬೇಕಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಸಂಗ್ರಹ ಪಟ್ಟೋಲೆ ಪಳಮೆ 1924ರಲ್ಲೇ ಅಚ್ಚಾಗಿದೆ, ಬೇಕಾದಷ್ಟು ಹಾಡುಗಳ ಸಾಲು ಅದರಲ್ಲಿ ಸಿಗುತ್ತವೆ. ಆದರೆ ಯಾವ ಸಾಲನ್ನು ಎಷ್ಟು ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ದುಡಿ ಎಲ್ಲಿ ಬೀಳಬೇಕು ಅನ್ನುವುದು ಪುಸ್ತಕದಲ್ಲಿ ಇರುವುದಿಲ್ಲ. ಇಂಥ ಮನೆ ಕ್ಯಾಸೆಟ್‌ಗಳಲ್ಲಿ ಇರುತ್ತದೆ. ಹಿಸ್ ಇದ್ದರೆ ಇರಲಿ ಬಿಡಿ.

ಫ್ಲ್ಯಾಕ್ ಭಕ್ತ:
ಮೇಷ್ಟ್ರೇ, ಮೂಲಪ್ರತಿ ಮುಟ್ಟಿ ಅಂತ ನಾನು ಹೇಳಿಲ್ಲ. ಪ್ಲೇಯರ್‌ಗೆ ಹಾಕುವ ಕಾಪಿಗೆ ಹೇಳಿದ್ದು. ಸಣ್ಣ ಸ್ಪೀಕರ್‌ನಲ್ಲಿ ಹಿಸ್ ಜಾಸ್ತಿ ಕಿವಿಗೆ ಹೊಡೆಯುತ್ತದೆ.

ಸೋಮವಾರಪೇಟೆ ಮೇಷ್ಟ್ರು:
ಹಾಗಾದರೆ ನನ್ನ ತಕರಾರಿಲ್ಲ. ಈಗ ನನ್ನದೊಂದು ಪ್ರಶ್ನೆ ಸೋಲ್ಡರಿಂಗ್ ಅವರಿಗೆ. ನಮ್ಮ ತಂದೆಯವರ ಭಾಷಣದ ಕ್ಯಾಸೆಟ್ ಇದೆ. ಶುರುವಿನಲ್ಲಿ ಸರಿ ಇದ್ದಾರೆ, ಹೋಗುತ್ತ ಹೋಗುತ್ತ ಚಿಕ್ಕ ಹುಡುಗನ ಧ್ವನಿ ಆಗುತ್ತದೆ. ಟೂ ಇನ್ ಒನ್ ಬದಲಿಸಿ ನೋಡಿದೆ, ಅದೇ.

ವಿರಾಜಪೇಟೆ ಸೋಲ್ಡರಿಂಗ್:
ಶೆಲ್ಲಿನ (ಬ್ಯಾಟರಿಯ) ಮೇಲೆ ರೆಕಾರ್ಡ್ ಮಾಡಿದ್ದಾರೆ. ಶೆಲ್ಲು ಇಳಿಯುತ್ತ ಮೋಟಾರ್ ನಿಧಾನ ಆಗಿದೆ. ನಿಧಾನ ಹಿಡಿದದ್ದನ್ನು ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಕೀರಲು ಬರುತ್ತದೆ. ಆಡಾಸಿಟಿಯಲ್ಲಿ ಚೇಂಜ್ ಸ್ಪೀಡ್ ಅಂಡ್ ಪಿಚ್ ಇದೆ. ಆದರೆ ನಿಮ್ಮದರಲ್ಲಿ ಇಡೀ ಸೈಡಿಗೆ ಒಂದೇ ಅಳತೆ ಹೊಂದುವುದಿಲ್ಲ. ಐದೈದು ನಿಮಿಷದ ತುಂಡು ಮಾಡಿ ಒಂದೊಂದಕ್ಕೂ ಬೇರೆ ಕೊಡಬೇಕು.

ಕರೆಂಟಿನಲ್ಲಿ ಹಿಡಿದ ಕ್ಯಾಸೆಟ್ಟಾದರೆ ಒಂದು ಉಪಾಯ ಇದೆ. ಕರೆಂಟಿನ ಗುಂಯ್ ಸದ್ದು ಟೇಪಿನಲ್ಲಿ ಸೇರಿರುತ್ತದೆ, ಅದು 50 ಹರ್ಟ್ಸ್ ಇರಬೇಕು. ಪ್ಲಾಟ್ ಸ್ಪೆಕ್ಟ್ರಮ್‌ನಲ್ಲಿ ನೋಡಿದಾಗ 52 ಕಂಡರೆ ಟೇಪು ನೂರಕ್ಕೆ ನಾಲ್ಕರಷ್ಟು ಜೋರಾಗಿ ಓಡುತ್ತಿದೆ ಅಂತ.

ಮಳೆಗಾಲದ ಕತ್ತಲು:
ಆಗಿನ ಕಾಲದಲ್ಲಿ ನಮ್ಮ ಕರೆಂಟು 50ಕ್ಕೆ ಗಟ್ಟಿಯಾಗಿ ನಿಂತಿತ್ತು ಅಂತ ಯಾರು ಹೇಳಿದರು?

ವಿರಾಜಪೇಟೆ ಸೋಲ್ಡರಿಂಗ್:
ಅದೂ ನಿಜ. ಅಂದಾಜಿಗೆ ಅದು, ಕೊನೆಗೆ ಕಿವಿಯೇ ಗತಿ. ಮೇಷ್ಟ್ರೇ, ಮನೆಯ ದೊಡ್ಡವರು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. 'ಹಾಂ, ಇದು ಅವನ ಧ್ವನಿ' ಅನ್ನುವವರೆಗೆ ಇಳಿಸುತ್ತ ಹೋಗಿ.

ಸಿದ್ದಾಪುರ ಎಸ್ಟೇಟ್:
ಅಕ್ಕ, ನಿಮ್ಮ ತಂದೆ ಪ್ಲೇಯರ್ ತೋಟಕ್ಕೆ ಒಯ್ಯುತ್ತಾರಾ?

ಸುಂಟಿಕೊಪ್ಪದವಳು:
ಹೌದು, ಕಾಫಿ ಕೊಯ್ಲಿನ ಸಮಯದಲ್ಲಿ ಇಡೀ ದಿನ ಅಲ್ಲೇ. ಅದಕ್ಕೆ ಒಳ್ಳೆಯ ಇಯರ್‌ಫೋನ್ ಯಾವುದು ಅಂತಲೂ ಕೇಳಬೇಕಿತ್ತು.

ಸಿದ್ದಾಪುರ ಎಸ್ಟೇಟ್:
ಇಯರ್‌ಫೋನೇ ಬೇಡ! ಅದಕ್ಕೇ ಕೇಳಿದ್ದು. ನಮ್ಮ ಕಡೆ ಆನೆ ಹಗಲಲ್ಲೂ ತೋಟದೊಳಗೆ ನಿಂತಿರುತ್ತದೆ. ಕೊಂಬೆ ಮುರಿದ ಸದ್ದು ಕೇಳಿಸಿದರೆ ಓಡಬಹುದು. ಎರಡೂ ಕಿವಿಗೆ ತುರುಕಿಕೊಂಡು ನಡೆದರೆ ಮುಗಿಯಿತು. ಸ್ಪೀಕರ್ ಇರುವ ಪ್ಲೇಯರ್ ಕೊಡಿಸಿ, ಅದೂ ಸಣ್ಣಗೆ ಹಾಕಿಕೊಳ್ಳಲಿ.

ನಾಪೋಕ್ಲು ನೆಟ್‌ವರ್ಕ್:
ಬಾಳೋಪಾಟ್ ಜೋರಾಗಿ ಹಾಕಿದರೆ ಆನೆಯೇ ಓಡುತ್ತದೆ.

ಸಿದ್ದಾಪುರ ಎಸ್ಟೇಟ್:
ತಮಾಷೆ ಬೇಡ. ಪಟಾಕಿಗೂ ಓಡದ ಆನೆ ಇವೆ ಇಲ್ಲಿ.

ಕುಶಾಲನಗರದ ಅಕ್ಕ:
ಸ್ಪೀಕರ್ ಪ್ಲೇಯರ್ ಅಂದರೆ ನಾವು ಅತ್ತೆಗೆ ಕೊಡಿಸಿದ್ದು ಎಫ್‌ಎಂ, ಕಾರ್ಡ್, ಪೆನ್‌ಡ್ರೈವ್ ಮೂರೂ ಇರುವಂಥದ್ದು. ಬೆಳಿಗ್ಗೆ ಮಡಿಕೇರಿ ಆಕಾಶವಾಣಿ 103.1, ಮಧ್ಯಾಹ್ನ ಪೆನ್‌ಡ್ರೈವ್. ಕೊಳ್ಳುವಾಗ ಒಂದು ನೋಡಿ, ಆಫ್ ಮಾಡಿ ಆನ್ ಮಾಡಿದರೆ ನಿಂತಲ್ಲಿಂದ ಮುಂದುವರಿಯಬೇಕು. ನಮ್ಮದು ಪ್ರತಿ ಸಲ ಮೊದಲ ಹಾಡಿನಿಂದ ಶುರು ಮಾಡುತ್ತದೆ. ಆ ಮೊದಲ ಹಾಡು ಕೇಳಿ ಕೇಳಿ ಮನೆಯವರೆಲ್ಲ ಸುಸ್ತು.

ಬೆಂಗಳೂರಲ್ಲಿರೋ ಕೊಡಗಿನವ:
ವಾಟ್ಸಾಪಿನಲ್ಲಿ ಬಂದ ವಾಯ್ಸ್ ಮೆಸೇಜ್‌ಗಳನ್ನೂ ಹಾಕಿಕೊಡುವ ಮನಸ್ಸಿದ್ದರೆ ಅವೂ ಸೀದಾ ಹಾಡುವುದಿಲ್ಲ. ಅವು ಓಪಸ್ ಫಾರ್ಮ್ಯಾಟ್. ಫೋನಿನ ರೆಕಾರ್ಡರ್‌ನದ್ದು ಸಾಮಾನ್ಯವಾಗಿ ಎಂ4ಎ. ಎರಡನ್ನೂ ವಿಎಲ್‌ಸಿಯಲ್ಲಿ ಕನ್ವರ್ಟ್ ಕೊಟ್ಟು ಎಂಪಿ3 ಮಾಡಬಹುದು. ಮೊಮ್ಮಕ್ಕಳ ಧ್ವನಿಯೂ ಅದೇ ಕಾರ್ಡಿನಲ್ಲಿ ಇರಲಿ.

ಭಾಗಮಂಡಲ ಕಡೆಯವ:
ತಡವಾಗಿ ಬಂದೆ. ನಮ್ಮ ಕ್ಯಾಸೆಟ್‌ಗಳಲ್ಲಿ ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿ ಮೇಲೆ ಬಿಳಿ ಪುಡಿ ಇದೆ. ಮಳೆ ಜಾಗ, ನಿಮಗೆ ಗೊತ್ತಲ್ಲ. ಹಾಕಬಹುದಾ?

ವಿರಾಜಪೇಟೆ ಸೋಲ್ಡರಿಂಗ್:
ಬೇಡವೇ ಬೇಡ! ಅದು ಬೂಸ್ಟು. ಒಮ್ಮೆ ಹಾಕಿದರೆ ಹೆಡ್‌ಗೆ ಹತ್ತಿ ಮುಂದಿನ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಬಿಸಿಲಿಗೂ ಇಡಬೇಡಿ, ಒಲೆಯ ಹತ್ತಿರವೂ ಇಡಬೇಡಿ, ಟೇಪು ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಟ್ಟು ಪೂರ್ತಿ ಒಣಗಿಸಿ.

ಆಮೇಲೆ ಅಂಗಳಕ್ಕೆ ಬನ್ನಿ, ಮನೆಯೊಳಗೆ ಮಾಡಬೇಡಿ. ಮೂಗಿಗೆ ಮಾಸ್ಕ್ ಹಾಕಿ, ಆ ಪುಡಿ ಎದೆಗೆ ಒಳ್ಳೆಯದಲ್ಲ. ಐದು ಸ್ಕ್ರೂ ಇರುವ ಕ್ಯಾಸೆಟ್ ಆದರೆ ಬಿಚ್ಚಿ, ಸುರುಳಿ ಕೆಡದಂತೆ ಮೃದುವಾದ ಬ್ರಷ್‌ನಲ್ಲಿ ಮೇಲಿನ ಪುಡಿ ತೆಗೆಯಿರಿ. ಸುರುಳಿಯನ್ನು ಹೊಸ ಕ್ಯಾಸೆಟ್ಟಿನ ಕವಚಕ್ಕೆ ಹಾಕಿ. ಸ್ಕ್ರೂ ಇಲ್ಲದೆ ಅಂಟಿಸಿದ್ದಾದರೆ ಕವಚ ಒಡೆಯದೆ ಬೇರೆ ದಾರಿ ಇಲ್ಲ. ಪೆನ್ಸಿಲ್ ತುರುಕಿ ನಿಧಾನವಾಗಿ ಪೂರ್ತಿ ಮುಂದಕ್ಕೆ, ಪೂರ್ತಿ ಹಿಂದಕ್ಕೆ ಸುತ್ತಿ. ಎಲ್ಲಾದರೂ ಅಂಟಿಕೊಂಡಿದ್ದರೆ ಎಳೆಯಬೇಡಿ. ಹಾಕುವಾಗಲೂ ಒಳ್ಳೆಯ ಡೆಕ್‌ಗೆ ಹಾಕಬೇಡಿ, ಬಿಸಾಡುವಂಥದ್ದು ಒಂದು ಹಿಡಿದುಕೊಳ್ಳಿ. ಪ್ರತಿ ಕ್ಯಾಸೆಟ್ ಆದ ಮೇಲೆ ಹೆಡ್ ಒರೆಸಿ.

ಸಂಪಾಜೆ ಘಾಟಿ:
ತುಂಡಾದ ಟೇಪನ್ನು ಸೆಲ್ಲೋ ಟೇಪಿನಲ್ಲಿ ಅಂಟಿಸಬಹುದಾ?

ವಿರಾಜಪೇಟೆ ಸೋಲ್ಡರಿಂಗ್:
ಅದರ ಅಂಟು ಪಕ್ಕಕ್ಕೆ ಬಂದು ಮೇಲಿನ ಸುತ್ತಿಗೂ ಹಿಡಿಯುತ್ತದೆ. ಸ್ಪ್ಲೈಸಿಂಗ್ ಟೇಪ್ ಅಂತಲೇ ಸಿಗುತ್ತದೆ, ಆನ್‌ಲೈನ್ ತರಿಸಿ. ಬೆನ್ನಿನ ಕಡೆಗೆ ಅಂಟಿಸಬೇಕು, ಹೆಡ್ ತಾಗುವ ಕಡೆಗಲ್ಲ. ಬಿಸಾಡದೆ ಇಟ್ಟಿದ್ದೀರಲ್ಲ, ಒಳ್ಳೆಯದು. ಮೂಲ ಇನ್ನೂ ಬದುಕಿದೆ. ಆ ಬಕೆಟ್ ಕಾಪಿ ಬಿಟ್ಟು ಮತ್ತೆ ಹಿಡಿಯಿರಿ.

ಸಂಪಾಜೆ ಘಾಟಿ:
ಹೌದಾ! ಅಮ್ಮನಿಗೆ ಈಗಲೇ ಹೇಳುತ್ತೇನೆ. ನಮ್ಮ ಟೇಪ್ ರೆಕಾರ್ಡರ್ ಮೋಟಾರ್ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಒಳಗೆ ಕಪ್ಪು ಡಾಂಬರಿನಂಥದ್ದು ಅಂಟಿಕೊಂಡಿದೆ.

ವಿರಾಜಪೇಟೆ ಸೋಲ್ಡರಿಂಗ್:
ಅದೇ ಮೋಟಾರಿನಿಂದ ಚಕ್ರ ತಿರುಗಿಸುವ ರಬ್ಬರ್ ಬೆಲ್ಟು, ಕರಗಿದೆ. ಆಲ್ಕೋಹಾಲ್ ಹಚ್ಚಿ ಪೂರ್ತಿ ಒರೆಸಿ, ಕೈಗೆ ಹತ್ತಿದರೆ ವಾರ ಹೋಗುವುದಿಲ್ಲ. ಬೆಲ್ಟ್ ಓಡುವ ದಾರಿಗೆ ದಾರ ಸುತ್ತಿ ಅಳೆಯಿರಿ. ಅದಕ್ಕಿಂತ ನೂರಕ್ಕೆ ಐದರಷ್ಟು ಚಿಕ್ಕದು ಬೇಕು. ಚೌಕ ಬೆಲ್ಟಾ ಚಪ್ಪಟೆಯಾ ಅಂತ ಗಾಲಿಯ ಅಂಚು ನೋಡಿ ಹೇಳಿ, ನನ್ನ ಹತ್ತಿರ ಹಳೇ ಸ್ಟಾಕ್ ಸ್ವಲ್ಪ ಇದೆ.

ಸಂಪಾಜೆ ಘಾಟಿ:
ಚಪ್ಪಟೆ. ಅಳೆದು ಹಾಕುತ್ತೇನೆ.